ಅಲ್ಲಿ ಹಲ್ಲೇ ಇಲ್ಲವಲ್ಲ

“ಅಲ್ಲಿ ಹಲ್ಲೇ ಇಲ್ಲವಲ್ಲ ಡಾಕ್ಟ್ರೇ, ನಾನೇ ಮೊಬೈಲ್ ಟಾರ್ಚ್ ಹಾಕಿ ನೋಡಿದೀನಿ.” ಕಳೆದ ವಾರ ಮಗಳನ್ನು ಕರೆತಂದ ತಾಯಿಯ ಈ ಮಾತು ಇನ್ನೂ ಕಿವಿಯಲ್ಲಿದೆ. ಹುಡುಗಿಗೆ 21 ವರ್ಷ, ಇಂಜಿನಿಯರಿಂಗ್ ಕೊನೆಯ ಸೆಮಿಸ್ಟರ್. ಬಲಗೆನ್ನೆ ಗಟ್ಟಿಯಾಗಿ ಊದಿತ್ತು. ಮೂರು ಬೆರಳು ಹಿಡಿಸಬೇಕಾದ ಬಾಯಿ ಒಂದು ಬೆರಳಿನಷ್ಟೂ ಸರಿಯಾಗಿ ತೆರೆಯುತ್ತಿರಲಿಲ್ಲ.

ತಾಯಿ ನೋಡಿದ್ದು ತಪ್ಪಲ್ಲ. ಬುದ್ಧಿ ಹಲ್ಲು ಹುಟ್ಟುವುದು ಎಲ್ಲಕ್ಕಿಂತ ಕೊನೆಗೆ, ಸಾಮಾನ್ಯವಾಗಿ 17ರಿಂದ 25ರ ನಡುವೆ. ಅಷ್ಟರಲ್ಲಿ ದವಡೆಯಲ್ಲಿ ಜಾಗ ಉಳಿದಿರದಿದ್ದರೆ ಅದು ಓರೆಯಾಗಿ ಮುಂದಿನ ಹಲ್ಲಿಗೆ ತಲೆಕೊಟ್ಟು ಸಿಕ್ಕಿಕೊಳ್ಳುತ್ತದೆ. ಒಂದು ಮೂಲೆ ಮಾತ್ರ ಒಸಡು ಸೀಳಿರುತ್ತದೆ, ಮಿಕ್ಕದ್ದರ ಮೇಲೆ ಒಸಡಿನದೇ ಮುಚ್ಚಳ. ಅದರಡಿ ಅಗುಳು ಸೇರಿದರೆ ಬ್ರಷ್ ತಲುಪುವುದಿಲ್ಲ. ಒಸಡು ಊದುತ್ತದೆ, ಊದಿದ್ದನ್ನು ಮೇಲಿನ ಹಲ್ಲು ಕಚ್ಚಿ ಇನ್ನಷ್ಟು ಕೆಡಿಸುತ್ತದೆ. ಸೋಂಕು ಅಗಿಯುವ ಸ್ನಾಯುವಿಗೆ ಹಬ್ಬಿದರೆ ಬಾಯಿ ಬಿಗಿಯುತ್ತದೆ. ನುಂಗಲು, ಉಸಿರಾಡಲು ಕಷ್ಟವಾದರೆ ಕ್ಲಿನಿಕ್ಕಿಗಲ್ಲ, ನೇರ ಆಸ್ಪತ್ರೆಗೆ ಓಡಬೇಕು.

ಮೊಂಡು ಸೂಜಿಯ ಸಿರಿಂಜಿನಲ್ಲಿ ಬೆಚ್ಚನೆಯ ಸಲೈನ್ ತುಂಬಿ ಮುಚ್ಚಳದಡಿ ತೊಳೆದಾಗ ಮೊದಲು ಕೀವು ಬಂತು. ಹಿಂದೆಯೇ ಸುರುಳಿ ಸುತ್ತಿಕೊಂಡ ಟೊಮೇಟೊ ಸಿಪ್ಪೆ.

“ಮೂರು ಸಲ ಹಿಂಗೇ ಆಗಿತ್ತು. ಮೂರು ಸಲಾನೂ ಮಾತ್ರೇಲೇ ಹೋಯ್ತು” ಎಂದಳು ಹುಡುಗಿ. ಬಾಯಿ ನೋಡದೆಯೇ ಆಂಟಿಬಯಾಟಿಕ್ ಕೊಡುವ ಮೆಡಿಕಲ್ ಶಾಪಿನವರ ಮೇಲೆ ನನಗೆ ಸಿಟ್ಟಿದೆ. ಮಾತ್ರೆ ಸೋಂಕನ್ನು ಅಡಗಿಸುತ್ತದೆ, ಓರೆ ಹಲ್ಲನ್ನು ನೆಟ್ಟಗೆ ನಿಲ್ಲಿಸುವುದಿಲ್ಲ. ಮನೆಯಲ್ಲಿ ಕೆನ್ನೆಗೆ ಬಿಸಿ ಶಾಖ ಬೇರೆ ಕೊಟ್ಟಿದ್ದರು. ಹೊರಗಿನ ಶಾಖ ಕೀವನ್ನು ಚರ್ಮದತ್ತ ಎಳೆಯಬಹುದು. ಬಿಸಿ ಬೇಕಿರುವುದು ಒಳಗೆ: ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ, ಆ ಪಕ್ಕದಲ್ಲೇ ಹಿಡಿದಿಟ್ಟು ಮುಕ್ಕಳಿಸಬೇಕು.

ತೊಂದರೆ ಕೊಡದೆ ಮಲಗಿರುವ ಬುದ್ಧಿ ಹಲ್ಲನ್ನು ಸುಮ್ಮನೆ ಕೀಳುವುದನ್ನು ನಾನು ಒಪ್ಪುವುದಿಲ್ಲ. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯೂ 2000ದಲ್ಲಿ ಇದನ್ನೇ ಹೇಳಿತು. ಮೊದಲ ಸಲ ಊದಿದ್ದು ತೀವ್ರವಲ್ಲದಿದ್ದರೆ ತೊಳೆದು ಕಾಯಬಹುದು. ಎರಡನೇ ಸಲವೂ ಬಂತೆಂದರೆ ತೆಗೆಸುವ ಮಾತಾಡಲೇಬೇಕು. ಇವಳದು ನಾಲ್ಕನೆಯದು.

ಪೂರ್ತಿ ದವಡೆಯ ಎಕ್ಸ್‌ರೇಯನ್ನು ತಾಯಿಗೆ ತೋರಿಸಿದೆ. ಬೇರಿನ ತುದಿಗೂ ದವಡೆಯ ಮೂಳೆಯೊಳಗೆ ನರ ಸಾಗುವ ಕಾಲುವೆಗೂ ನಡುವೆ ಅಂತರವಿತ್ತು. ಕಾಲುವೆಯ ಬಿಳಿ ಗೆರೆ ಬೇರಿನ ಬಳಿ ಕಡಿದಂತೆ ಕಂಡಿದ್ದರೆ ಮೂರು ಆಯಾಮದ ಸ್ಕ್ಯಾನ್ ಬೇಕಾಗುತ್ತಿತ್ತು, ಏಕೆಂದರೆ ಆ ನರಕ್ಕೆ ಪೆಟ್ಟಾದರೆ ಕೆಳತುಟಿ ಜೋಮು ಹಿಡಿಯುತ್ತದೆ. ನನ್ನನ್ನು ಕಲಕಿದ್ದು ಬೇರೆ. ಬುದ್ಧಿ ಹಲ್ಲು ಒತ್ತಿ ನಿಂತ ಜಾಗದಲ್ಲಿ, ಮುಂದಿನ ಒಳ್ಳೆಯ ಹಲ್ಲಿನ ಬೆನ್ನಿಗೆ ಕಪ್ಪು ಕಲೆ. ಹುಳುಕು. “ಅಲ್ಲಿ ಹಲ್ಲೇ ಇಲ್ಲ ಅಂದ್ಕೊಂಡಿದ್ನಲ್ಲಾ” ಎಂದರು ತಾಯಿ, ಈ ಸಲ ಮೆಲ್ಲಗೆ.

ಊತ ಇಳಿದು ಬಾಯಿ ಮೂರು ಬೆರಳು ತೆರೆದ ಮೇಲೆ, ಈ ಮಂಗಳವಾರ ತೆಗೆದೆವು. ಜಾಗ ಮರಗಟ್ಟಿಸಲು ಅಡ್ರಿನಲಿನ್ ಬೆರೆಸಿದ ಲಿಗ್ನೊಕೇನ್ ಚುಚ್ಚಿ, ಒಸಡು ಬಿಡಿಸಿ, ಸಲೈನ್ ಸುರಿಸುತ್ತಲೇ ಸುತ್ತಲಿನ ಮೂಳೆ ಕೊರೆದು, ಹಲ್ಲನ್ನು ಎರಡು ಹೋಳು ಮಾಡಿ ಒಂದೊಂದಾಗಿ ಎತ್ತಿದ್ದು. ನೀರು ಬಿಡದೆ ಕೊರೆದರೆ ಮೂಳೆ ಸುಡುತ್ತದೆ. ಗಾಜ್ ಮೇಲಿದ್ದ ಹೋಳುಗಳನ್ನು ಕಂಡು ತಾಯಿ, “ಇಷ್ಟು ದೊಡ್ಡದಾ?” ಎಂದರು.

ಗಾಜ್ ಮುಕ್ಕಾಲು ಗಂಟೆ ಕಚ್ಚಿರಲಿ, 24 ಗಂಟೆ ಉಗುಳಬೇಡ, ಮುಕ್ಕಳಿಸಬೇಡ, ಎಳನೀರನ್ನೂ ಸ್ಟ್ರಾ ಹಾಕಿ ಹೀರಬೇಡ, ಲೋಟಕ್ಕೆ ಬಗ್ಗಿಸಿಕೊಂಡು ಕುಡಿ ಎಂದೆ. ಹೀರಿದರೆ ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದು ಮೂಳೆ ಬೆತ್ತಲಾಗುತ್ತದೆ. ಮೂರನೇ ದಿನದ ಹೊತ್ತಿಗೆ ನೋವು ಇಳಿಯುವ ಬದಲು ಏರಿ, ಕಿವಿಗೆ ಎಳೆದು, ಬಾಯಿ ವಾಸನೆ ಬಂದರೆ ಅದೇ. ಆಗ ಮಾತ್ರೆ ಹುಡುಕಬೇಡ, ಬಂದುಬಿಡು ಅಂತಲೂ ಹೇಳಿದೆ.

ಮುಂದಿನ ಮಂಗಳವಾರ ಹೊಲಿಗೆ ಬಿಚ್ಚಬೇಕು. ಮುಂದಿನ ಹಲ್ಲಿನ ಹುಳುಕು ಆ ಹಲ್ಲಿನೊಳಗಿನ ನರ ಮುಟ್ಟಿದೆಯೋ ಇಲ್ಲವೋ ಆಗ ನೋಡುತ್ತೇನೆ. ಮುಟ್ಟಿರದಿದ್ದರೆ ಒಂದು ಫಿಲ್ಲಿಂಗ್‌ನಲ್ಲಿ ಹಲ್ಲು ಉಳಿದೀತು.