ಉಸಿರು ಬಿಡಲು ಕಲಿಯುವುದು: ಸಿಒಪಿಡಿ ಇರುವವರಿಗೆ ಯೋಗ, ಪ್ರಾಣಾಯಾಮ ಮತ್ತು ಧ್ಯಾನ

ಮುಂಬಯಿಯಲ್ಲಿ ಶ್ವಾಸಕೋಶದ ಕಾಯಿಲೆಯವರಿಗೆ ಉಸಿರಾಟದ ಅಭ್ಯಾಸ ಕಲಿಸುವುದು ನನ್ನ ವೃತ್ತಿ. ನಾನು ಫಿಸಿಯೊಥೆರಪಿಸ್ಟ್, ಯೋಗವನ್ನೂ ಕ್ರಮವಾಗಿ ಕಲಿತಿದ್ದೇನೆ. ನನ್ನ ಬಳಿಗೆ ಬರುವ ಕನ್ನಡಿಗರಲ್ಲಿ ಹೆಚ್ಚಿನವರು ಮೊದಲ ಭೇಟಿಯಲ್ಲೇ ಕೇಳುವ ಪ್ರಶ್ನೆ ಒಂದೇ: "ಯಾವ ಪ್ರಾಣಾಯಾಮ ಮಾಡಿದರೆ ಈ ದಮ್ಮು ಹೋಗುತ್ತದೆ?" ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯಲ್ಲಿ, ಅದರಲ್ಲೂ ವೈದ್ಯರು ಸಿಒಪಿಡಿ ಎಂದು ಹೇಳುವ ಕಾಯಿಲೆಯಲ್ಲಿ, ಹಾಳಾದ ಗಾಳಿಗೂಡುಗಳು, ಅಂದರೆ ಶ್ವಾಸಕೋಶದೊಳಗಿನ ಪುಟ್ಟ ಗಾಳಿಚೀಲಗಳು, ಮತ್ತೆ ಬೆಳೆಯುವುದಿಲ್ಲ ಎಂಬುದನ್ನು ಅವರಿಗೆ ನಾನು ಮುಚ್ಚಿಡದೆ ಹೇಳುತ್ತೇನೆ. ಆದರೆ ಸರಿಯಾದ ಅಭ್ಯಾಸದಿಂದ ಮೊದಲ ಮಹಡಿಯ ಮೆಟ್ಟಿಲಲ್ಲೇ ಕುಳಿತುಬಿಡುತ್ತಿದ್ದವರು ಮನೆಯ ಬಾಗಿಲವರೆಗೆ ಹತ್ತಬಲ್ಲರು, ಸ್ನಾನ ಮುಗಿಸಿ ಬಂದು ಮಾತನಾಡಬಲ್ಲರು ಎಂಬುದೂ ಅಷ್ಟೇ ನಿಜ. ತಪ್ಪು ಅಭ್ಯಾಸದಿಂದ ಕೆಡುಕಾಗುತ್ತದೆ ಎಂಬುದು ಇನ್ನೂ ನಿಜ. ಈ ಮೂರನೆಯ ಮಾತು ನಮ್ಮ ಜನರ ಕಿವಿಗೆ ಸಾಕಷ್ಟು ಬಿದ್ದಿಲ್ಲ ಎಂಬ ಕಳವಳದಿಂದ ಇದನ್ನು ಬರೆಯುತ್ತಿದ್ದೇನೆ.

ಹೀಗೆ ಬರುವವರಲ್ಲಿ ಬೀಡಿ, ಸಿಗರೇಟು ಸೇದಿದವರಿದ್ದಾರೆ. ಜೀವಮಾನದಲ್ಲಿ ಒಂದು ಬೀಡಿಯನ್ನೂ ಮುಟ್ಟದವರೂ ಇದ್ದಾರೆ. ಹದಿಹರೆಯದಲ್ಲಿ ಕುಂದಾಪುರ, ಕಾರ್ಕಳಗಳಿಂದ ಬಂದು ಹೋಟೆಲಿನ ಅಡುಗೆಮನೆಯಲ್ಲಿ ಕಲ್ಲಿದ್ದಲಿನ ಭಟ್ಟಿಯ ಮುಂದೆ ನಿಂತವರು, ಪರೇಲ್ ಮತ್ತು ಲಾಲ್‌ಬಾಗ್ ಕಡೆಯ ಗಿರಣಿಗಳಲ್ಲಿ ಹತ್ತಿಯ ಧೂಳು ಕುಡಿದವರು, ಊರಿನಲ್ಲಿ ವರ್ಷಗಟ್ಟಲೆ ಸೌದೆ ಒಲೆ ಊದಿ ಮುಪ್ಪಿನಲ್ಲಿ ಮಗನ ಮನೆಗೆಂದು ಡೊಂಬಿವಲಿಗೆ ಬಂದ ಅಜ್ಜಿಯರು, ಎಂದೋ ಕ್ಷಯ ಬಂದು ವಾಸಿಯಾದವರು, ಎಲ್ಲರೂ ಒಂದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ಧೂಮಪಾನ ಮಾಡದವರಲ್ಲಿ ಈ ಕಾಯಿಲೆ ಎಷ್ಟು ವ್ಯಾಪಕವಾಗಿದೆ, ಅಡುಗೆಯ ಹೊಗೆ ಅದಕ್ಕೆ ಎಷ್ಟು ದೊಡ್ಡ ಕಾರಣ ಎಂಬುದನ್ನು ಪುಣೆಯ ಡಾ. ಸಂದೀಪ್ ಸಾಳ್ವಿ ಮತ್ತು ಲಂಡನ್ನಿನ ಪೀಟರ್ ಬಾರ್ನ್ಸ್ 2009ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವಿವರವಾಗಿ ಬರೆದರು. ಅದಾದ ಮೇಲೂ "ನಾನು ಸೇದುವವನಲ್ಲ, ನನಗೆ ಹೇಗೆ ಬಂತು?" ಎಂದು ಕೇಳುವವರಿಗೆ ಉತ್ತರ ಸಿಗುವಷ್ಟರಲ್ಲಿ ಶ್ವಾಸಕೋಶದ ಅರ್ಧ ಶಕ್ತಿ ಹೋಗಿರುತ್ತದೆ. ಸ್ಪೈರೋಮೆಟ್ರಿ ಎಂಬ, ಊದಿ ಮಾಡುವ ಸರಳ ಪರೀಕ್ಷೆಯನ್ನು ಅವರಿಗೆ ಯಾರೂ ಮಾಡಿಸಿರುವುದಿಲ್ಲ.

ಈ ಕಾಯಿಲೆಯಲ್ಲಿ ಎದೆಯೊಳಗೆ ಏನಾಗುತ್ತದೆ ಎಂದು ತಿಳಿಯದೆ ಯಾವ ಅಭ್ಯಾಸ ಹಿತ, ಯಾವುದು ಅಹಿತ ಎಂದು ತಿಳಿಯುವುದು ಕಷ್ಟ. ಆರೋಗ್ಯವಂತರಲ್ಲಿ ಉಸಿರು ಬಿಡುವಾಗ ಸಣ್ಣ ಶ್ವಾಸನಾಳಗಳು ತೆರೆದೇ ಇರುತ್ತವೆ, ಏಕೆಂದರೆ ಸುತ್ತಲಿನ ಗಾಳಿಗೂಡುಗಳ ಹಿಗ್ಗುವ ಗೋಡೆಗಳು ಅವನ್ನು ಎಲ್ಲ ಕಡೆಯಿಂದ ಎಳೆದು ಹಿಡಿದಿರುತ್ತವೆ. ಸಿಒಪಿಡಿಯಲ್ಲಿ ಆ ಗೋಡೆಗಳು ಸವೆದಿರುತ್ತವೆ, ನಾಳಗಳ ಒಳಗೆ ಊತವೂ ಕಫವೂ ಇರುತ್ತವೆ. ಹಾಗಾಗಿ ಉಸಿರು ಬಿಡುವಾಗ ನಾಳಗಳು ಬೇಗನೆ ಮುಚ್ಚಿಕೊಂಡು ಹಳೆಯ ಗಾಳಿ ಒಳಗೇ ಉಳಿದುಬಿಡುತ್ತದೆ. ಎದೆ ಸದಾ ಉಬ್ಬಿಕೊಂಡಿರುತ್ತದೆ. ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂತಿರಬೇಕಾದ ಉಸಿರಾಟದ ಮುಖ್ಯ ಸ್ನಾಯುವಾದ ವಪೆ ಕೆಳಕ್ಕೆ ಒತ್ತಿ ಚಪ್ಪಟೆಯಾಗಿ ತನ್ನ ಬಲ ಕಳೆದುಕೊಳ್ಳುತ್ತದೆ, ಅದರ ಕೆಲಸವನ್ನು ಕುತ್ತಿಗೆ ಮತ್ತು ಭುಜದ ಸ್ನಾಯುಗಳು ಹೊರಬೇಕಾಗುತ್ತದೆ. ದಾದರ್ ನಿಲ್ದಾಣದಲ್ಲಿ ಗಾಡಿಯ ಒಳಗಿರುವವರು ಇಳಿಯುವ ಮೊದಲೇ ಹತ್ತಲು ನುಗ್ಗಿದರೆ ಏನಾಗುತ್ತದೆಯೋ, "ದೀರ್ಘವಾಗಿ ಉಸಿರು ಎಳೆದುಕೊಳ್ಳಿ" ಎಂಬ ಸಲಹೆಯಿಂದ ಈ ರೋಗಿಗಳಿಗೆ ಅದೇ ಆಗುತ್ತದೆ.

ಹೋಟೆಲಿನಲ್ಲಿ ಅಡುಗೆ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಬರುತ್ತಾರೆ; ಅವರನ್ನು ಎಲ್ಲರೂ ಭಟ್ರು ಎನ್ನುತ್ತಾರೆ. ಅಂಗೈಗಳನ್ನು ಮೊಣಕಾಲ ಮೇಲೆ ಊರಿ, ಮುಂದಕ್ಕೆ ಬಾಗಿ, ಭುಜಗಳನ್ನು ಕಿವಿಯತ್ತ ಎತ್ತಿಕೊಂಡು ಅವರು ಕುರ್ಚಿಯ ತುದಿಯಲ್ಲಿ ಕೂರುತ್ತಾರೆ. ಪ್ರತಿ ಉಸಿರಿಗೂ ಕತ್ತಿನ ಎರಡು ಬದಿಯ ಸ್ನಾಯುಗಳು ಸೆಟೆದು ನಿಲ್ಲುವುದು ಕಣ್ಣಿಗೆ ಕಾಣುತ್ತದೆ. "ಗಾಳಿ ಒಳಗೆ ಹೋಗುದೇ ಇಲ್ಲ ಮಗಾ" ಎಂಬುದು ಅವರ ದೂರಾಗಿತ್ತು. ನಾನು ವೃತ್ತಪತ್ರಿಕೆಯ ಒಂದು ಕಿರಿದಾದ ಪಟ್ಟಿ ಹರಿದು ಅವರ ಬಾಯಿಯ ಮುಂದೆ ಒಂದು ಗೇಣು ದೂರದಲ್ಲಿ ಹಿಡಿದು, "ಭಟ್ರೆ, ಇದನ್ನು ಹಾರಿಸಬೇಡಿ, ಬರಿದೇ ವಾಲಿಸಿ ಇಡಿ" ಎಂದೆ. ಮೊದಲ ಸಲ ಅವರು ಜೋರಾಗಿ ಊದಿದರು. ಕಾಗದ ಒಮ್ಮೆ ಫಡಫಡಿಸಿ ನಿಂತಿತು, ಎದೆಯಿಂದ ಸೀಟಿಯ ಸದ್ದು ಬಂತು, ಉಸಿರು ಅಲ್ಲಿಗೇ ಕಡಿಯಿತು. ಆಮೇಲೆ ತುಟಿಗಳನ್ನು ಸೀಟಿ ಹಾಕುವ ಆಕಾರಕ್ಕೆ ತಂದು, ಮೂಗಿನಿಂದ ಎರಡು ಎಣಿಸುವಷ್ಟು ಎಳೆದು, ನಾಲ್ಕು ಎಣಿಸುವಷ್ಟು ಹೊತ್ತು ಮೆಲ್ಲನೆ ಬಿಡಲು ಕಲಿತರು. ಕಾಗದ ವಾಲಿಕೊಂಡೇ ಇತ್ತು. ಒಂದೆರಡು ನಿಮಿಷದಲ್ಲಿ ಭುಜಗಳು ತಾವಾಗಿ ಇಳಿದವು. "ಈಗ ಒಳಗೆ ಸ್ವಲ್ಪ ಜಾಗ ಆಯ್ತು ಕಾಣು" ಎಂದರು. ತುಟಿ ಕಿರಿದು ಮಾಡಿದಾಗ ಬಾಯಿಯ ಬಳಿ ಉಂಟಾಗುವ ಹಿಂದೊತ್ತಡ ಸಣ್ಣ ನಾಳಗಳನ್ನು ಇನ್ನಷ್ಟು ಹೊತ್ತು ತೆರೆದಿಡುತ್ತದೆ, ಉಸಿರಾಟದ ವೇಗ ತಗ್ಗುತ್ತದೆ, ಹಳೆಯ ಗಾಳಿ ಹೊರಬೀಳುತ್ತದೆ. ಭಟ್ರು ಒಂದೇ ಮಾತಿನಲ್ಲಿ ಹೇಳಿದ್ದು ಇದನ್ನೇ.

ಟಿವಿ ನೋಡಿ ಕಪಾಲಭಾತಿ, ಭಸ್ತ್ರಿಕಾ ಮಾಡುವವರ ವಿಷಯಕ್ಕೆ ಈಗ ಬರಬೇಕು. ಉಸಿರನ್ನು ರಭಸದಿಂದ ಹೊರಕ್ಕೆ ತಳ್ಳಿದಾಗ ಎದೆಯೊಳಗಿನ ಒತ್ತಡ ಹೆಚ್ಚಿ, ಮೊದಲೇ ಬಲಹೀನವಾದ ನಾಳಗಳು ಇನ್ನೂ ಬೇಗ ಮುಚ್ಚಿಕೊಳ್ಳುತ್ತವೆ. ಗಾಳಿಗೂಡುಗಳು ಒಡೆದು ಒಂದಾಗಿ ದೊಡ್ಡ ಗುಳ್ಳೆಗಳಾಗಿರುವವರಲ್ಲಿ ಆ ಗುಳ್ಳೆ ಒಡೆದು ಶ್ವಾಸಕೋಶವೇ ಕುಸಿಯುವ ಅಪಾಯವಿದೆ. ಶ್ವಾಸಕೋಶದ ಕಾಯಿಲೆ ಇಲ್ಲದ 29 ವರ್ಷದ ಮಹಿಳೆಯೊಬ್ಬರಿಗೆ ಕಪಾಲಭಾತಿಯಿಂದ ಶ್ವಾಸಕೋಶ ಕುಸಿದ ಪ್ರಕರಣವನ್ನು 2004ರಲ್ಲಿ 'ಚೆಸ್ಟ್' ಎಂಬ ವೈದ್ಯಕೀಯ ಪತ್ರಿಕೆ ಪ್ರಕಟಿಸಿದೆ. ಅಂತಹ ಘಟನೆ ಅಪರೂಪವೇ, ಆದರೆ ಸವೆದ ಶ್ವಾಸಕೋಶವನ್ನಿಟ್ಟುಕೊಂಡು ಆ ಅಪರೂಪದ ಪಾಲಿಗೆ ನಿಲ್ಲಬೇಕಾದ ಅಗತ್ಯವೇನಿದೆ? ಉಸಿರು ಕಟ್ಟುವ ಕುಂಭಕವೂ, ಎಳೆಯುವುದಕ್ಕೆ ಒಂದು, ಕಟ್ಟುವುದಕ್ಕೆ ನಾಲ್ಕು, ಬಿಡುವುದಕ್ಕೆ ಎರಡು ಪಾಲು ಎಂಬ ಹಠಯೋಗದ 1:4:2 ಲೆಕ್ಕವೂ ಇವರಿಗೆ ಸಲ್ಲವು. ಇದನ್ನು ಹೇಳಿದಾಗ ಕೆಲವರಿಗೆ ನಾನು ಪರಂಪರೆಯನ್ನು ಕಡೆಗಣಿಸಿದೆ ಎನಿಸುತ್ತದೆ. ಅವರಿಗೆ ನಾನು ಮುಂಬಯಿ, ಪುಣೆಗಳ ನಡುವಿನ ಲೋಣಾವಳದ ಯೋಗ ಸಂಶೋಧನಾ ಸಂಸ್ಥೆಯಾದ ಕೈವಲ್ಯಧಾಮದ ಕಡೆಗೆ ಕೈ ತೋರಿಸುತ್ತೇನೆ. 1924ರಲ್ಲಿ ಅದನ್ನು ಕಟ್ಟಿದ ಸ್ವಾಮಿ ಕುವಲಯಾನಂದರು ಹೊಟ್ಟೆಯನ್ನು ಒಳಗೆಳೆದು ಮಾಡುವ ಉಡ್ಡಿಯಾನ, ನೌಲಿಗಳನ್ನು ಮಾಡುವಾಗ ದೇಹದೊಳಗಿನ ಒತ್ತಡ ಎಷ್ಟಾಗುತ್ತದೆ ಎಂದು ಯಂತ್ರವಿಟ್ಟು ಅಳೆದರು, ಎಕ್ಸ್‌ರೇ ತೆಗೆಸಿ ನೋಡಿದರು. ಒಂದು ಕ್ರಿಯೆ ದೇಹಕ್ಕೆ ಏನು ಮಾಡುತ್ತದೆ ಎಂದು ಪರೀಕ್ಷಿಸಿ ನೋಡುವುದು ನಮ್ಮ ಯೋಗದ ಪರಂಪರೆಯೊಳಗೇ ಬೆಳೆದು ಬಂದ ನಡೆ.

ಆಸನಗಳ ಮಾತು ಬಂದಾಗ ಬಿ.ಕೆ.ಎಸ್. ಅಯ್ಯಂಗಾರ್ ಅವರನ್ನು ನೆನೆಯದಿರಲಾರೆ. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ಬಳಲಿ, ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು, 1937ರಲ್ಲಿ ಪುಣೆಗೆ ಬಂದು ನೆಲೆಸಿದ ಅವರು, ರೋಗಿಯ ದೇಹ ಆಸನದ ಬಳಿಗೆ ಬರಲಾರದಿದ್ದರೆ ಆಸನವೇ ಆ ದೇಹದ ಬಳಿಗೆ ಬರುವಂತೆ ಮಾಡಿದರು. ಕುರ್ಚಿ, ದಿಂಬು, ಮರದ ಇಟ್ಟಿಗೆ, ಪಟ್ಟಿ, ಹಗ್ಗ ಇವೆಲ್ಲ ಅವರ ಶಾಲೆಯಲ್ಲಿ ಉಪಕರಣಗಳಾದವು. ಶ್ವಾಸಕೋಶದ ರೋಗಿಗೆ ಇದು ದೊಡ್ಡ ಉಪಕಾರ. ಅಂಗಾತ ಮಲಗಿದರೆ ಹೊಟ್ಟೆಯ ಭಾರ ವಪೆಯನ್ನು ಒತ್ತಿ ಏದುಸಿರು ಬರುವವರಿಗೆ, ಬೆನ್ನಿನ ಉದ್ದಕ್ಕೂ ಗಟ್ಟಿ ದಿಂಬುಗಳನ್ನು ಇಳಿಜಾರಾಗಿ ಜೋಡಿಸಿ, ತಲೆ ಎದೆಗಿಂತ ಎತ್ತರದಲ್ಲಿರುವಂತೆ ಒರಗಿಸಿ ಶವಾಸನ ಮಾಡಿಸಬಹುದು. ತೋಳುಗಳನ್ನು ಆಧಾರವಿಲ್ಲದೆ ತಲೆಯ ಮೇಲಕ್ಕೆ ಎತ್ತಿ ಹಿಡಿದರೆ ಉಸಿರಾಟಕ್ಕೆ ನೆರವಾಗುತ್ತಿರುವ ಭುಜದ ಸ್ನಾಯುಗಳೇ ಬೇರೆ ಕೆಲಸಕ್ಕೆ ಹೋದಂತಾಗುತ್ತದೆ. ತಲೆ ಬಾಚುವಾಗ, ಮೇಲಿನ ಅಟ್ಟದಿಂದ ಡಬ್ಬಿ ಇಳಿಸುವಾಗ ದಮ್ಮು ಹತ್ತುವುದು ಇದರಿಂದಲೇ. ಆದ್ದರಿಂದ ತಾಡಾಸನದಲ್ಲಿ ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಏರಿಸುತ್ತ ತೋಳೆತ್ತುವುದು ಒಳ್ಳೆಯದು. ಉಸಿರು ತೀರ ಹತ್ತಿದಾಗ ಮೇಜಿನ ಮೇಲೆ ದಿಂಬಿಟ್ಟು, ಅದರ ಮೇಲೆ ಮುಂದೋಳುಗಳನ್ನೂ ಹಣೆಯನ್ನೂ ಇರಿಸಿ ಕುಳಿತರೆ ವಪೆಗೆ ಕೆಲಸ ಮಾಡಲು ಅನುಕೂಲವಾಗುತ್ತದೆ. ಉಳಿದಂತೆ ನಿಯಮ ಒಂದೇ, ಶ್ರಮದ ಭಾಗದಲ್ಲಿ ಉಸಿರು ಹೊರಗೆ ಹೋಗುತ್ತಿರಬೇಕು: ಕುರ್ಚಿಯಿಂದ ಏಳುವಾಗ ಬಿಡಬೇಕು, ಬಗ್ಗುವಾಗ ಬಿಡಬೇಕು, ರೈಲ್ವೆ ಸೇತುವೆಯಲ್ಲಿ ಮೆಟ್ಟಿಲ ಮೇಲೆ ಕಾಲಿಡುವಾಗ ಬಿಡಬೇಕು.

ಭ್ರಾಮರಿ ಇವರಿಗೆ ಹಿತವಾಗಿ ಹೊಂದುತ್ತದೆ, ಏಕೆಂದರೆ ಗುಂಯ್‌ಗುಡುವ ಸದ್ದು ಉಸಿರು ಬಿಡುವುದನ್ನು ತಾನಾಗಿ ದೀರ್ಘವಾಗಿಸುತ್ತದೆ ಮತ್ತು ಸದ್ದು ನಡುಗಿದರೆ ಅಲ್ಲಿಗೆ ನಿಲ್ಲಿಸಬೇಕು ಎಂದು ಅಭ್ಯಾಸಿಗೇ ತಿಳಿಯುತ್ತದೆ. ಒಂದೊಂದೇ ಹೊಳ್ಳೆಯಿಂದ ಉಸಿರಾಡುವ ಅನುಲೋಮ ವಿಲೋಮವನ್ನು ಮೂಗು ಕಟ್ಟಿಲ್ಲದ, ಉಸಿರು ಸಮಾಧಾನವಾಗಿರುವ ಹೊತ್ತಿನಲ್ಲಿ ಮಾತ್ರ, ತಡೆಹಿಡಿಯದೆ ಮಾಡಬಹುದು.

ಧ್ಯಾನದ ಬಗೆಗೆ ಹೆಚ್ಚು ಹೇಳಬೇಕಾಗಿದೆ. ಏದುಸಿರು ಒಂದು, ಏದುಸಿರಿನ ಭಯ ಇನ್ನೊಂದು. ಭಯವಾದಾಗ ಉಸಿರಾಟದ ವೇಗ ಏರುತ್ತದೆ, ವೇಗ ಏರಿದಾಗ ಬಿಡಲು ಸಮಯ ಸಾಲದೆ ಗಾಳಿ ಇನ್ನಷ್ಟು ಒಳಗೆ ಸಿಕ್ಕಿಕೊಳ್ಳುತ್ತದೆ, ಅದರಿಂದ ಭಯ ಇಮ್ಮಡಿಯಾಗುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ಕಿಟಕಿಯ ಸರಳು ಹಿಡಿದು ನಿಂತವರಿಗೆ ಈ ಸುತ್ತು ಚೆನ್ನಾಗಿ ಗೊತ್ತು. ಅಮೆರಿಕದಲ್ಲಿ ಸಿಒಪಿಡಿ ಇರುವ ಹಿರಿಯರಿಗೆ 12 ವಾರ ಯೋಗ ಕಲಿಸಿ ನಡೆಸಿದ, 2009ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ನಡಿಗೆಯ ಪರೀಕ್ಷೆಯ ನಂತರ ಏದುಸಿರಿನಿಂದಾಗುವ ಸಂಕಟ ಯೋಗ ಮಾಡಿದವರಲ್ಲಿ ಕಡಿಮೆಯಾಗಿತ್ತು. ನಾನು ನಿತ್ಯ ಕಾಣುವುದೂ ಇದನ್ನೇ. ಆದರೆ ಧ್ಯಾನವೆಂದರೆ ಕಣ್ಣು ಮುಚ್ಚಿ ಉಸಿರನ್ನು ಗಮನಿಸುವುದು ಎಂದು ಎಲ್ಲರಿಗೂ ಒಂದೇ ಪಾಠ ಹೇಳುವುದನ್ನು ನಾನು ಒಪ್ಪುವುದಿಲ್ಲ. ಉಸಿರೇ ಸಂಕಟವಾಗಿರುವವರಿಗೆ ಅದರ ಮೇಲೇ ಮನಸ್ಸಿಡು ಎಂದರೆ ಹಲವರಿಗೆ ಗಾಬರಿ ಹೆಚ್ಚುತ್ತದೆ. ಕಣ್ಣು ತೆರೆದೇ ಇರಲಿ. ಅಂಗೈಗಳ ಬಿಸಿ, ನೆಲಕ್ಕೆ ತಾಗಿದ ಪಾದಗಳು, ಫ್ಯಾನಿನ ಸದ್ದು, ಇಷ್ಟದೇವರ ಹೆಸರು, ಇವುಗಳಲ್ಲಿ ಯಾವುದಾದರೂ ಮನಸ್ಸು ನಿಲ್ಲುವ ತಾಣವಾಗಬಹುದು. ನಮ್ಮ ಭಜನಾ ಮಂಡಳಿಗಳಿಗೆ ಹೋಗುತ್ತಿದ್ದ ಹೆಂಗಸರು ಕಾಯಿಲೆ ಬಂದ ಮೇಲೆ "ಇನ್ನು ಹಾಡಲಾಗದು" ಎಂದು ಮನೆಯಲ್ಲೇ ಉಳಿದುಬಿಡುತ್ತಾರೆ. ಅವರನ್ನು ನಾನು ಒತ್ತಾಯಿಸಿ ಮತ್ತೆ ಕಳುಹಿಸುತ್ತೇನೆ. ದಾಸರ ಪದದ ಒಂದು ಸಾಲನ್ನು ಕುಳಿತು, ತಗ್ಗಿನ ಶ್ರುತಿಯಲ್ಲಿ, ಸಾಲಿನ ನಡುವೆ ಬೇಕಾದಲ್ಲಿ ನಿಲ್ಲಿಸಿ ಹಾಡುವುದು ಉಸಿರನ್ನು ಹದವಾಗಿ ಬಿಡುವ ಒಳ್ಳೆಯ ಅಭ್ಯಾಸ, ಮೇಲಾಗಿ ನಾಲ್ಕು ಜನರ ನಡುವೆ ಕೂರುವ ಭಾಗ್ಯ.

ಇಷ್ಟೆಲ್ಲ ಹೇಳಿದ ಮೇಲೂ ಔಷಧಿಯ ಸ್ಥಾನ ಔಷಧಿಗೇ ಇದೆ. ಪಂಪ್ ಎಂದು ಜನ ಕರೆಯುವ ಇನ್‌ಹೇಲರ್ "ಕೊನೆಯ ಹಂತದ ಮದ್ದು", "ಚಟವಾಗುತ್ತದೆ" ಎಂಬ ಮಾತುಗಳೆರಡೂ ಸುಳ್ಳು. ವೈದ್ಯರು ಹೇಳಿದ್ದರೆ ಶ್ವಾಸನಾಳ ಹಿಗ್ಗಿಸುವ ಪಂಪನ್ನು ಅಭ್ಯಾಸಕ್ಕೆ ಹದಿನೈದು ಇಪ್ಪತ್ತು ನಿಮಿಷ ಮೊದಲು ತೆಗೆದುಕೊಂಡರೆ ಅಭ್ಯಾಸ ಸುಲಭವಾಗುತ್ತದೆ. ಮನೆಯಲ್ಲಿ ಆಕ್ಸಿಜನ್ ಮಶೀನ್ ಇರುವವರು ಅದರ ನಳಿಗೆಯನ್ನು ಮೂಗಿನಲ್ಲಿಟ್ಟುಕೊಂಡೇ ಆಸನ ಮಾಡಲಿ. ಆದರೆ ದಮ್ಮು ಹತ್ತಿತೆಂದು ಆಕ್ಸಿಜನ್ ಪ್ರಮಾಣವನ್ನು ತಾವೇ ಏರಿಸಬಾರದು, ಏಕೆಂದರೆ ಕೆಲವರಲ್ಲಿ ಹೆಚ್ಚಿನ ಆಕ್ಸಿಜನ್‌ನಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ಮಂಪರು ಕವಿಯುತ್ತದೆ. ಅಂತಹವರಿಗೆ ವೈದ್ಯರು ರಕ್ತದ ಆಕ್ಸಿಜನ್ ಮಟ್ಟ ಶೇಕಡಾ 88ರಿಂದ 92ರ ನಡುವೆ ಇರುವುದನ್ನೇ ಗುರಿಯಾಗಿಡುತ್ತಾರೆ. ನಡಿಗೆಯೂ ತೊಡೆಯ ಸ್ನಾಯುಗಳ ವ್ಯಾಯಾಮವೂ ಸೇರಿದ ಶ್ವಾಸಕೋಶದ ಪುನಶ್ಚೇತನ ಚಿಕಿತ್ಸೆಗೆ ಇರುವಷ್ಟು ಗಟ್ಟಿ ಪುರಾವೆ ಯೋಗಕ್ಕೆ ಇನ್ನೂ ಇಲ್ಲ. ಯೋಗದ ಅಧ್ಯಯನಗಳು ಹೆಚ್ಚಾಗಿ ಸಣ್ಣವು. ಆ ಚಿಕಿತ್ಸೆ ಸಿಗುವ ಆಸ್ಪತ್ರೆ ದೂರವಿದ್ದವರಿಗೆ, ಬಸ್ಸು ರೈಲು ಹತ್ತಲಾಗದವರಿಗೆ ಮನೆಯ ಕುರ್ಚಿಯಲ್ಲಿ ಮಾಡುವ ಯೋಗ ಕೈಗೆಟುಕುತ್ತದೆ ಎಂಬುದಕ್ಕಾಗಿಯೇ ನಾನು ಅದನ್ನು ಇಷ್ಟು ನೆಚ್ಚಿದ್ದೇನೆ.

ಅಭ್ಯಾಸಕ್ಕೆ ಕೂರುವ ಜಾಗದ ಬಗ್ಗೆಯೂ ಒಂದು ಮಾತು. ಪ್ರಾಣಾಯಾಮಕ್ಕೆ ಮುನ್ನ ಊದುಬತ್ತಿ ಹಚ್ಚುವ ರೂಢಿ ನಮ್ಮ ಬಹುತೇಕ ಮನೆಗಳಲ್ಲಿದೆ. ದಯವಿಟ್ಟು ಬೇಡ. ಸೊಳ್ಳೆಬತ್ತಿಯಂತೂ ಬೇಡವೇ ಬೇಡ: ಒಂದು ಸುರುಳಿ ಉರಿದು ಮುಗಿಯುವಷ್ಟರಲ್ಲಿ ಹೊಮ್ಮುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಹೊಗೆಗೆ ಸಮ ಎಂದು 2003ರ ಅಧ್ಯಯನವೊಂದು ಅಳೆದು ತೋರಿಸಿದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಮುಂಬಯಿಯ ಮುಂಜಾನೆಯ ಗಾಳಿಯಲ್ಲಿ ಕಟ್ಟಡಗಳ ಧೂಳೂ ವಾಹನಗಳ ಹೊಗೆಯೂ ಕೆಳಗೇ ನಿಂತಿರುವುದರಿಂದ, ಬೆಳಗಿನ ಜಾವ ಮೈದಾನದಲ್ಲಿ ಕುಳಿತು ಉಸಿರಾಡುವ ಬದಲು ಬಿಸಿಲೇರಿದ ಮೇಲೆ ಮನೆಯೊಳಗೇ ಮಾಡುವುದು ಲೇಸು. ಊಟವಾಗಿ ಎರಡು ಗಂಟೆ ಕಳೆದಿರಲಿ, ಕೈಗೆಟುಕುವಂತೆ ಪಂಪ್ ಇರಲಿ. ಏದುಸಿರನ್ನು ಸೊನ್ನೆಯಿಂದ ಹತ್ತರವರೆಗೆ ಮನಸ್ಸಿನಲ್ಲೇ ಅಳೆಯುತ್ತ ಮೂರು ನಾಲ್ಕು ದಾಟದಂತೆ ನೋಡಿಕೊಳ್ಳಿ. ಕಫದ ಬಣ್ಣ ಹಸಿರು ಹಳದಿಗೆ ತಿರುಗಿದರೆ, ಜ್ವರ ಬಂದರೆ, ಕಾಲು ಊದಿಕೊಂಡರೆ ಆ ದಿನ ಅಭ್ಯಾಸ ಬಿಟ್ಟು ವೈದ್ಯರನ್ನು ಕಾಣಿ. ಇದ್ದಕ್ಕಿದ್ದಂತೆ ಎದೆಯ ಒಂದು ಬದಿ ಚುಚ್ಚಿ ನೋವು ಬಂದರೆ, ತುಟಿ ನೀಲಿಗಟ್ಟಿದರೆ ಯಾರಿಗೂ ಕಾಯದೆ ನೇರವಾಗಿ ಆಸ್ಪತ್ರೆಗೆ ಹೋಗಿ.