ಮರಳಿ ಬಂದ ದೂರು

ವಿಜಯನಗರದ ನಮ್ಮ ಮನೆಗೆ 38,500 ರೂಪಾಯಿ ಕೊಟ್ಟು ತಂದ ಫ್ರಿಜ್ ಎಂಟನೆಯ ತಿಂಗಳಿಗೇ ಕೈಕೊಟ್ಟಿತು. ಹಿಂದೆ ದೆವ್ವಕ್ಕೆಂದು ಬಾಗಿಲ ಮೇಲೆ ಬರೆಯುತ್ತಿದ್ದ ‘ನಾಳೆ ಬಾ’ ಎಂಬ ಮಾತನ್ನು ಮಾರಿದವರು ನನಗೆ ನಾಲ್ಕು ತಿಂಗಳು ಹೇಳಿದರು. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಹೇಳಿಕೊಂಡೆ, ಫಲವಾಗಲಿಲ್ಲ. ಅಲ್ಲಿ ಹೇಳಿಕೊಂಡದ್ದು ಗ್ರಾಹಕ ಆಯೋಗದಲ್ಲಿ ದಾಖಲಾದ ದೂರಲ್ಲ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟಿರುವ ಎರಡು ವರ್ಷಗಳ ಕಾಲಮಿತಿ ಅದಕ್ಕಾಗಿ ನಿಲ್ಲುವುದೂ ಇಲ್ಲ.

ಕೊನೆಗೆ ಗ್ರಾಹಕ ಆಯೋಗಗಳಿಗೆ ಆನ್‌ಲೈನಿನಲ್ಲಿ ದೂರು ಕೊಡುವ ಇ-ಜಾಗೃತಿ ತಾಣದಲ್ಲಿ ನಾನೇ ದೂರು ಸಲ್ಲಿಸಿದೆ. ಅದು ಎರಡು ಸಲ ಮರಳಿ ಬಂತು. ಎರಡು ಸಲವೂ ತಪ್ಪು ನನ್ನದೇ.

ಮೊದಲನೆಯದು ಬಿಲ್ಲಿನದು. ಅಂಗಡಿಯವರು ಕೊಟ್ಟ ನುಣುಪು ಕಾಗದದ ರಸೀದಿಯನ್ನು ಬೀರುವಿನಲ್ಲಿ ಜೋಪಾನವಾಗಿಟ್ಟಿದ್ದರೂ ಅದರ ಅಕ್ಷರಗಳು ಮಾಸಿ, ಸ್ಕ್ಯಾನ್ ಮಾಡಿದಾಗ ದಿನಾಂಕದ ಜಾಗದಲ್ಲಿ ಬೂದು ಕಲೆಯೊಂದೇ ಕಾಣುತ್ತಿತ್ತು. ಕೊಂಡ ದಿನವೇ ಗೊತ್ತಾಗದ್ದರಿಂದ ಆಕ್ಷೇಪಣೆ ಸರಿಯಾಗಿಯೇ ಇತ್ತು. ಬ್ಯಾಂಕಿನ ಪಾವತಿ ವಿವರವನ್ನೂ ವಾರಂಟಿ ಕಾರ್ಡನ್ನೂ ಸೇರಿಸಿದೆ. ಎರಡನೆಯ ಸಲ ಸಿಕ್ಕಿಕೊಂಡದ್ದು ಅಫಿಡವಿಟ್‌ನಲ್ಲಿ: ದೂರಿನಲ್ಲಿ ಪೂರ್ಣ ಹೆಸರು, ನೋಟರಿಯ ಮುಂದೆ ಸಹಿ ಮಾಡಿದ ಹಾಳೆಯಲ್ಲಿ ಇನಿಷಿಯಲ್ಲು. ಹೆಸರು ಎಲ್ಲ ಕಡೆ ಒಂದೇ ರೀತಿ ಇರಬೇಕು, ಪುಟಸಂಖ್ಯೆ ಸೂಚಿಗೆ ಹೊಂದಬೇಕು. ವಾಟ್ಸಾಪ್ ಸಂದೇಶಗಳನ್ನು ಸಾಕ್ಷ್ಯವಾಗಿ ಕೊಡುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಎಲೆಕ್ಟ್ರಾನಿಕ್ ದಾಖಲೆಗಳಿಗೆ ಕೇಳುವ ಪ್ರಮಾಣಪತ್ರವನ್ನೂ ಜೊತೆಗಿಡಬೇಕು.

ಶುಲ್ಕದ ವಿಷಯದಲ್ಲಿ ನಾನು ಸುಮ್ಮನೆ ಹೆದರಿದ್ದೆ. ಆಯೋಗದ ವ್ಯಾಪ್ತಿಯನ್ನೂ ಶುಲ್ಕವನ್ನೂ ನಿರ್ಧರಿಸುವುದು ನಾವು ಕೇಳುವ ಪರಿಹಾರವಲ್ಲ, ವಸ್ತುವಿಗೆ ಕೊಟ್ಟ ಹಣ. ಅದು 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೇ ಇಲ್ಲ, 50 ಲಕ್ಷದವರೆಗೆ ಜಿಲ್ಲಾ ಆಯೋಗವೇ ಸಾಕು. ಕಂಪನಿಯ ಕೇಂದ್ರ ಕಚೇರಿ ಬೇರೆ ರಾಜ್ಯದಲ್ಲಿದ್ದರೂ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೆಯ ಕಲಮಿನ ಪ್ರಕಾರ ನಾವು ವಾಸಿಸುವ ಊರಿನಲ್ಲೇ ದೂರು ಕೊಡಬಹುದು. ಇದು ತಿಳಿಯದೆ ಕೇಂದ್ರ ಕಚೇರಿಯಿರುವ ಊರಿನ ವಕೀಲರನ್ನು ಹುಡುಕುತ್ತಾ ಎರಡು ವಾರ ವ್ಯರ್ಥ ಮಾಡಿದ್ದೆ ಎನ್ನಲು ನಾಚಿಕೆಯಾಗುತ್ತದೆ.

ಮೂರನೆಯ ಸಲ ದೂರು ಪರಿಶೀಲನೆಯನ್ನು ದಾಟಿತು. ಈಗ ವಿಚಾರಣೆಯ ದಿನಾಂಕ ಬಂದಿದೆ. ಅಲ್ಲಿಯವರೆಗೆ ಮನೆಯ ಹಾಲಿನ ಪಾತ್ರೆ ತಣ್ಣೀರಿನ ಬೋಗುಣಿಯಲ್ಲೇ ಕುಳಿತಿರುತ್ತದೆ.