ಶ್ರುತಿ ಬರೆದಿಟ್ಟ ಬುಕ್ಕು

ಮೊನ್ನೆ ಅಟ್ಟ ಕ್ಲೀನ್ ಮಾಡೋವಾಗ ನನ್ನ ಹಳೇ ಹಾಡಿನ ಬುಕ್ಕು ಸಿಕ್ತು. ರಟ್ಟು ಕಿತ್ತೋಗಿದೆ, ಮಳೇಲಿ ನೆಂದು ಇಂಕೆಲ್ಲ ಹರಡಿ ಸಾಹಿತ್ಯ ಓದಕ್ಕೇ ಆಗಲ್ಲ, ಆದ್ರೆ ಮೂಲೇಲಿ ಕೆಂಪು ಬಾಲ್ ಪೆನ್ನಲ್ಲಿ ಬರೆದಿದ್ದ ಶ್ರುತಿ, ಅಂದ್ರೆ ಯಾವ ಹಾಡು ಯಾವ ಸ್ವರದ ಮೇಲೆ ಅನ್ನೋದು ಮಾತ್ರ ನೆಟ್ಟಗಿದೆ, ಸಿ ಶಾರ್ಪ್, ಡಿ, ಜಿ ಮೈನರ್. ಹಾಸನದ ಒಂದು ಆರ್ಕೆಸ್ಟ್ರಾದಲ್ಲಿ ಏಳೆಂಟು ವರ್ಷ ಕೀಬೋರ್ಡ್ ನುಡಿಸ್ತಿದ್ದೆ ನಾನು. ಗಣೇಶನ ಸೀಸನ್ ಬಂತಂದ್ರೆ ಆಲೂರು, ಬೇಲೂರು, ಸಕಲೇಶಪುರ, ಮೂಡಿಗೆರೆ ಅಂತ ದಿನಕ್ಕೊಂದು ಊರು. ಕರಪತ್ರದಲ್ಲಿ "ಅದ್ಧೂರಿ ರಸಮಂಜರಿ", ಹೋಗಿ ನೋಡಿದ್ರೆ ಸ್ಟೇಜು ಅಂದ್ರೆ ಟ್ರ್ಯಾಕ್ಟರ್ ಟ್ರೇಲರ್ರು.

2000ನೇ ಇಸವಿ ಮರೆಯಂಗಿಲ್ಲ. ಜುಲೈ 30ಕ್ಕೆ ವೀರಪ್ಪನ್ ಅಣ್ಣಾವ್ರನ್ನ ಎತ್ತಾಕ್ಕೊಂಡ್ ಹೋದ, ಗಣೇಶ ಬಂದಿದ್ದು ಸೆಪ್ಟೆಂಬರ್ ಒಂದಕ್ಕೆ. ಬುಕ್ ಆಗಿದ್ದ ಪ್ರೋಗ್ರಾಂ ಒಂದೊಂದಾಗಿ ಕ್ಯಾನ್ಸಲ್. ಮಾಡಿದ ಕಡೆನೂ ಕಮಿಟಿಯವ್ರು ಅಣ್ಣಾವ್ರ ಹಾಡೇ ಬೇಕು, ಅದೂ ಭಕ್ತಿಗೀತೆ ಅಂದ್ರು, ನಮ್ ತಾಳ ಬಾರಿಸೋ ಪ್ಯಾಡ್‌ನೋನು ಡ್ಯಾನ್ಸ್ ಬೀಟ್‌ಗಳ್ನೆಲ್ಲ ಇಟ್ಕೊಂಡು ಕೈಕಟ್ಟಿ ಕೂತಿದ್ದ. 108 ದಿನ ಆದ್ಮೇಲೆ ಅವ್ರು ವಾಪಸ್ ಬಂದ್ರು ನೋಡಿ, ಆ ನವೆಂಬರಲ್ಲಿ ರಾಜ್ಯೋತ್ಸವಕ್ಕೆ ಕೊಡಕ್ಕೆ ನಮ್ಮತ್ರ ಡೇಟೇ ಇರ್ಲಿಲ್ಲ.

ಇದನ್ನೆಲ್ಲ ಒಂದಿನ ಕೂತು ಬರೀಬೇಕು ಅಂತ ಆಸೆ. ಶುರು ಮಾಡೋದಾದ್ರೆ ಬೇಲೂರಿನ ರಾತ್ರಿಯಿಂದಾನೇ. ಕೀಬೋರ್ಡಲ್ಲಿ ಟ್ರಾನ್ಸ್‌ಪೋಸ್ ಅಂತ ಒಂದು ಬಟನ್ ಇರತ್ತೆ, ಬೆರಳು ಅಭ್ಯಾಸ ಇರೋ ಸಿ ನಲ್ಲೇ ಆಡ್ತಿರತ್ತೆ, ಮಷೀನೇ ಶ್ರುತಿ ಏರ್ಸತ್ತೆ (ಕಾಪಿ ಹೊಡೆದು ಪಾಸಾದಂಗೆ, ಒಪ್ಕೋತೀನಿ). ಹಿಂದಿನ ಹಾಡಲ್ಲಿ ಹಾಡೋ ಹುಡುಗಿಗೆ ಅಂತ ಶ್ರುತಿ ನಾಲ್ಕು ಮೆಟ್ಟಿಲು ಏರ್ಸಿದ್ದು ಇಳಿಸೋದು ಮರ್ತೆ. ಮುಂದಿನದು ನಮ್ ಗಾಯಕಂದು. ಪಲ್ಲವಿ ಹೆಂಗೋ ದಾಟ್ದ, ಚರಣಕ್ಕೆ ಬರೋ ಹೊತ್ಗೆ ಕತ್ತಿನ ನರ ಉಬ್ಬಿ, ಮೈಕ್ ಹಿಡ್ಕೊಂಡೇ ನನ್ ಕಡೆ ತಿರುಗಿದ. ಹಾಡಿನ ಮಧ್ಯ ಬಟನ್ ಒತ್ತಂಗಿಲ್ಲ, ಒತ್ತಿದ್ರೆ ಎಲ್ರಿಗೂ ಗೊತ್ತಾಗತ್ತೆ, ಏನ್ ಮಾಡೋದು ಅಂತ ಬೆವರ್ತಿರೋವಾಗ ಪುಣ್ಯಕ್ಕೆ ಕರೆಂಟ್ ಹೋಯ್ತು. ಜನ ಹೋ ಅಂದ್ರು. ವಾಪಸ್ ಬಂದಾಗ ಕೀಬೋರ್ಡು ತಾನಾಗೇ ಸೊನ್ನೆಗೆ ಬಂದಿತ್ತು, ಹಾಡು ಮೊದಲಿಂದ ಶುರು.

ಬುಕ್ಕಿನ ಹಿಂದಿನ ಪೇಜಲ್ಲಿ ಲೆಕ್ಕ ಇದೆ, "ಬೇಲೂರು 300, ಊಟ ಇಲ್ಲ". ಇಸವಿ ಬರೆದಿಲ್ಲ. ಕೇಳಣ ಅಂತ ಪ್ಯಾಡ್‌ನೋನಿಗೆ ಫೋನ್ ಮಾಡಿದೆ, ಈಗ ಚಿಕ್ಕಮಗಳೂರಲ್ಲಿ ಸೌಂಡ್ಸ್ ಅಂಗಡಿ ಇಟ್ಟಿದಾನೆ. ಇಸವಿ ಅವನಿಗೂ ನೆನಪಿಲ್ಲ. ಕಥೆ ಪೂರ್ತಿ ಕೇಳಿ ನಕ್ಕು, "ಯಾವ ಕರೆಂಟು ಹೋಗಿತ್ತೋ ಮಾರಾಯ? ಅವನ ಕತ್ತು ನೋಡಕ್ಕಾಗ್ದೆ ನಾನೇ ಕಾಲಲ್ಲಿ ಬೋರ್ಡಿನ ಪ್ಲಗ್ ಕಿತ್ತಿದ್ದು" ಅಂದ.

ಹೌದಲ್ವಾ. ಸ್ಟೇಜ್ ಕತ್ತಲಾದಾಗ ಪೆಂಡಾಲಿನ ಸೀರಿಯಲ್ ಸೆಟ್ ಉರೀತಾನೇ ಇತ್ತು.